ಬ್ರೇಕು ಹಿಡಿಯದ ಕಾರು, ಕಣ್ಣು ತೆರೆಯದ ಸರ್ಕಾರ

ಹಳೆಯ ಕಾರು ಕೊಂಡವನನ್ನು ಕಂಡು ನಗುವವರು ನಮ್ಮಲ್ಲಿ ಇದ್ದಾರೆ. ಬಡವನಿಗೆ ಏಕೆ ಕಾರಿನ ಶೋಕಿ ಎಂದು ಅವರು ಕೇಳುತ್ತಾರೆ. ಜಗಳೂರಿನ ಸಂತೆ ವ್ಯಾಪಾರಿಯನ್ನೋ, ಹೊನ್ನಾಳಿಯ ಕಿರಾಣಿ ಅಂಗಡಿಯವನನ್ನೋ, ಚನ್ನಗಿರಿಯ ಅಡಿಕೆ ಮಂಡಿಯ ಗುಮಾಸ್ತನನ್ನೋ, ನ್ಯಾಮತಿಯ ಅಕ್ಕಿ ಗಿರಣಿಯ ಕೆಲಸಗಾರನನ್ನೋ ಅವರು ಒಮ್ಮೆ ಮಾತನಾಡಿಸಿ ನೋಡಲಿ. ಅವನ ಮನೆಯ ಮುಂದೆ ನಿಂತಿರುವ ಆ ಹಳೆಯ ಮಾರುತಿ ವ್ಯಾನು ಶೋಕಿಯ ವಸ್ತುವಲ್ಲ. ಬೆಳಿಗ್ಗೆ ಅದು ಸರಕಿನ ಗಾಡಿ, ಮಧ್ಯಾಹ್ನ ಮಕ್ಕಳ ಶಾಲೆಯ ಬಂಡಿ. ನಡುರಾತ್ರಿ ಹೆರಿಗೆ ನೋವು ಬಂದರೆ ಅದೇ ಆಂಬುಲೆನ್ಸು.

ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹಳೆಯ ವಾಹನಗಳ ಬ್ರೇಕಿನ ಪ್ರಶ್ನೆ ಎದ್ದಾಗಲೆಲ್ಲ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಹಳೆಯದನ್ನೆಲ್ಲ ಗುಜರಿಗೆ ಹಾಕಿ ಎಂಬುದು ಆಳುವವರ ಉತ್ತರ. ಇಷ್ಟು ದಿನ ಏನೂ ಆಗಿಲ್ಲ, ಇನ್ನು ಮುಂದೆಯೂ ಆಗುವುದಿಲ್ಲ ಎಂಬುದು ನಮ್ಮವರ ಉತ್ತರ. ಮೊದಲನೆಯದು ಬಡವನ ಹೊಟ್ಟೆಯ ಮೇಲೆ ಹೊಡೆಯುವ ಮಾತು, ಎರಡನೆಯದು ಅವನ ಹೆಂಡತಿ ಮಕ್ಕಳ ಪ್ರಾಣದ ಮೇಲೆ ಆಡುವ ಜೂಜು. ಇವೆರಡನ್ನೂ ನಾವು ಒಪ್ಪುವುದಿಲ್ಲ.

ಹಳೆಯ ಕಾರು ನಮ್ಮೂರಿಗೆ ಏಕೆ ಬಂತು?

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಕಚೇರಿ, ಕೋರ್ಟು, ದೊಡ್ಡಾಸ್ಪತ್ರೆ, ಸಗಟು ಅಂಗಡಿ ಎಲ್ಲಕ್ಕೂ ಜನ ದಾವಣಗೆರೆಯ ದಾರಿ ಹಿಡಿಯಬೇಕಾಯಿತು. ಈ ನಾಲ್ಕು ಊರುಗಳಲ್ಲಿ ಯಾವುದರಿಂದ ಹೊರಟರೂ ಅದು ಗಂಟೆಯ ಹಾದಿ. ಜಿಲ್ಲೆಯ ನಕಾಶೆ ಬದಲಾಯಿತು, ಆದರೆ ಹಳ್ಳಿಗೆ ಸಂಜೆಯ ಬಸ್ಸು ಬರಲಿಲ್ಲ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲದ ಪ್ರಯಾಣ ದೊರೆಯಿತು. ಒಳ್ಳೆಯ ಕೆಲಸವೇ. ಆದರೆ ಸರ್ಕಾರಿ ಬಸ್ಸೇ ಕಾಲಿಡದ ಊರಿನ ಹೆಂಗಸು ಆ ಶಕ್ತಿಯನ್ನು ಎಲ್ಲಿ ಹುಡುಕಬೇಕು?

ಬಸ್ಸಿಲ್ಲದ ಊರಿನಲ್ಲಿ ಕಾರು ಹುಟ್ಟಿಕೊಳ್ಳುತ್ತದೆ. ಹೊಸ ಕಾರಿಗೆ ಲಕ್ಷಗಟ್ಟಲೆ ಸುರಿಯಲಾಗದವನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹತ್ತು ಹದಿನೈದು ವರ್ಷ ದುಡಿದ ಕಾರನ್ನು ತರುತ್ತಾನೆ. ಹೀಗೆ ನಗರದ ಉಳ್ಳವನು ತೇಯ್ದು ಬಿಟ್ಟ ಲೈನಿಂಗು, ಡ್ರಮ್ಮು, ರಬ್ಬರು ಹಳ್ಳಿಯ ಇಲ್ಲದವನ ಪಾಲಿಗೆ ಬರುತ್ತವೆ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮಾರುತಿ 800 ಕೂಡ ಅದೇ ವರ್ಷ ನಿಂತಿತು, ಓಮ್ನಿ ವ್ಯಾನು 2019ರಲ್ಲಿ. ತಯಾರಿಕೆ ನಿಂತ ಗಾಡಿಗೆ ಕಂಪನಿಯ ಅಸಲಿ ಬಿಡಿಭಾಗ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತದೆ, ಅದರ ಜಾಗಕ್ಕೆ ನಕಲಿ ಮಾಲು ಬಂದು ಕೂರುತ್ತದೆ. ಕನ್ನಡಿ ನಕಲಿಯಾದರೆ ಮುಖ ಡೊಂಕಾಗಿ ಕಂಡೀತು, ಅಷ್ಟೆ. ಬ್ರೇಕಿನ ರಬ್ಬರು ನಕಲಿಯಾದರೆ ಏನಾದೀತು ಎಂಬುದನ್ನು ವಿವರಿಸಬೇಕಾಗಿಲ್ಲ.

ಬ್ರೇಕು ಕೆಡುವ ಬಗೆ

ನಮ್ಮ ಓದುಗರಲ್ಲಿ ಬಹುಮಂದಿ ಯಂತ್ರದ ಜೊತೆ ದುಡಿಯುವವರು. ಯಂತ್ರದ ಬುದ್ಧಿ ಅವರಿಗೆ ಗೊತ್ತು. ಕಾರಿನ ಬ್ರೇಕೂ ಒಂದು ಸರಳ ಯಂತ್ರವೇ. ಕಾಲಿನಿಂದ ಪೆಡಲನ್ನು ಒತ್ತಿದರೆ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲು ಒತ್ತಡಕ್ಕೆ ಸಿಕ್ಕಿ ಕೊಳವೆಗಳಲ್ಲಿ ನುಗ್ಗುತ್ತದೆ. ಪ್ರತಿ ಚಕ್ರದಲ್ಲಿರುವ ಸಿಲಿಂಡರು ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ, ಅಥವಾ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ಉಜ್ಜಾಟದಿಂದ ಗಾಡಿ ನಿಲ್ಲುತ್ತದೆ. ಓಟದ ವೇಗವೆಲ್ಲ ಶಾಖವಾಗಿ ಹೊರಗೆ ಹೋಗುತ್ತದೆ.

ಈ ವ್ಯವಸ್ಥೆಯಲ್ಲಿ ಮೊದಲು ಸಾಯುವುದು ಕಣ್ಣಿಗೆ ಕಾಣದ ಭಾಗ. ಲೈನಿಂಗು ಸವೆದರೆ ಕಿರುಗುಟ್ಟುತ್ತದೆ, ಎಚ್ಚರಿಕೆ ಕೊಡುತ್ತದೆ. ಆದರೆ ಬ್ರೇಕ್ ಆಯಿಲು ಸದ್ದಿಲ್ಲದೆ ಕೆಡುತ್ತದೆ. ಅದು ಗಾಳಿಯಲ್ಲಿನ ನೀರನ್ನು ಹೀರುವ ದ್ರವ. ಡಾಟ್ 3 ಎಂಬ ಗುರುತಿನ ಹೊಸ ಆಯಿಲು 205 ಡಿಗ್ರಿ ಸೆಂಟಿಗ್ರೇಡಿಗೆ ಮೊದಲು ಕುದಿಯಬಾರದೆಂದು ಪ್ರಮಾಣವಿದೆ. ನೀರು ಹೀರಿದ ಮೇಲೆ ಅದರ ಪ್ರಮಾಣ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ಆದರೆ 230 ಇದ್ದದ್ದು 155ಕ್ಕೆ ಇಳಿಯುತ್ತದೆ. ಬಿಸಿಯಾದ ಚಕ್ರದಲ್ಲಿ ಆಯಿಲು ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಹೋಗಿ ಬೀಳುತ್ತದೆ, ಗಾಡಿ ನಿಲ್ಲುವುದಿಲ್ಲ. ದ್ರವವನ್ನು ಒತ್ತಿದರೆ ಬಲ ಮುಂದಕ್ಕೆ ಸಾಗುತ್ತದೆ, ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಅಷ್ಟೇ ಗುಟ್ಟು. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಿಸಬೇಕು ಎನ್ನುವುದು ಇದಕ್ಕಾಗಿಯೇ. ಮಟ್ಟ ಇಳಿದಾಗ ಮೇಲಿಂದ ಸ್ವಲ್ಪ ಸುರಿದು ಸುಮ್ಮನಾಗುವುದು ಚಿಕಿತ್ಸೆಯಾಗದು. ಆಯಿಲು ಎಲ್ಲಿಗೆ ಹೋಯಿತು ಎಂದು ಹುಡುಕಬೇಕು. ಕೈಗೆ ಸಿಕ್ಕಿತೆಂದು ಇಂಜಿನ್ ಆಯಿಲನ್ನು ಬ್ರೇಕಿಗೆ ಸುರಿದರಂತೂ ಒಳಗಿನ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ.

ಹಳೆಯ ಕಾಲದ ಎಷ್ಟೋ ಕಾರುಗಳಲ್ಲಿ ಇನ್ನೊಂದು ಕೊರತೆಯಿದೆ. ನಾಲ್ಕೂ ಚಕ್ರಗಳಿಗೆ ಆಯಿಲಿನ ದಾರಿ ಒಂದೇ. ಎಲ್ಲೋ ಒಂದು ಕಡೆ ಹತ್ತು ರೂಪಾಯಿಯ ರಬ್ಬರು ಹರಿದರೂ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಈಚಿನ ಕಾರುಗಳಲ್ಲಿ ದಾರಿ ಎರಡಾಗಿ ಒಡೆದಿದೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ನಮ್ಮ ದೇಶದ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೆ ಹಿಂದಿನ ಗಾಡಿ ಓಡಿಸುವವನಿಗೆ ಸಾಮಾನ್ಯವಾಗಿ ಅವನ ಕಾಲೇ ಎ.ಬಿ.ಎಸ್., ಅವನ ಎಚ್ಚರವೇ ವಿಮೆ.

ಲೆಕ್ಕ ಹೇಳುವ ಮಾತು

ವೇಗ ಎರಡರಷ್ಟಾದರೆ ನಿಲ್ಲುವ ದೂರವೂ ಎರಡರಷ್ಟಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ನಾಲ್ಕರಷ್ಟಾಗುತ್ತದೆ. ಒಳ್ಳೆಯ ಬ್ರೇಕು, ಒಣಗಿದ ಡಾಂಬರು ರಸ್ತೆ ಎಂದು ಇಟ್ಟುಕೊಳ್ಳೋಣ. ಗಂಟೆಗೆ 40 ಕಿಲೋಮೀಟರು ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 10 ಮೀಟರಿನಲ್ಲಿ ನಿಲ್ಲುತ್ತದೆ. 80 ಕಿಲೋಮೀಟರು ವೇಗದ್ದಕ್ಕೆ ಸುಮಾರು 41 ಮೀಟರು ಬೇಕು. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಒತ್ತುವುದಕ್ಕೆ ಒಂದು ಸೆಕೆಂಡು ಹಿಡಿಯುತ್ತದೆಂದರೆ ಅಷ್ಟರಲ್ಲಿ ಮೊದಲ ಕಾರು 11 ಮೀಟರು, ಎರಡನೆಯದು 22 ಮೀಟರು ಓಡಿರುತ್ತದೆ. ಒಟ್ಟು ಒಂದಕ್ಕೆ 21, ಇನ್ನೊಂದಕ್ಕೆ 63 ಮೀಟರು. ಈಗ ಬ್ರೇಕಿನ ಶಕ್ತಿ ಅರ್ಧಕ್ಕೆ ಇಳಿದಿದೆ ಎಂದುಕೊಳ್ಳಿ. 80ರ ವೇಗದ ಕಾರು ನಿಲ್ಲಲು 100 ಮೀಟರಿಗೂ ಹೆಚ್ಚು ಜಾಗ ಬೇಕು.

ನಮ್ಮ ರಸ್ತೆಗಳಲ್ಲಿ ಅಷ್ಟು ಜಾಗವನ್ನು ಯಾರು ಬಿಡುತ್ತಾರೆ? ಸುಗ್ಗಿ ಬಂದರೆ ಹೊನ್ನಾಳಿ, ನ್ಯಾಮತಿಯ ಕಡೆ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಹರಡಿರುತ್ತದೆ. ಕಣ ಕಟ್ಟಲು ಜಾಗವಿಲ್ಲದ ರೈತ ಇನ್ನೆಲ್ಲಿ ಒಣಗಿಸಬೇಕು ಎಂಬ ಪ್ರಶ್ನೆ ಬೇರೆ. ಕಾಳಿನ ಮೇಲೆ ಬ್ರೇಕು ಹಿಡಿದ ಕಾರು ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ ಎಂಬುದಂತೂ ನಿಜ. ಕತ್ತಲಾದರೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು ಟ್ರೇಲರು ಎದುರಾಗುತ್ತದೆ. ಬಣ್ಣ ಬಳಿಯದ ಹಂಪು, ಅಡ್ಡ ಬರುವ ಎಮ್ಮೆ, ಬಸ್ ಸ್ಟಾಂಡಿನಿಂದ ಓಡಿಬರುವ ಮಗು ಇವೆಲ್ಲ ಚಾಲಕನಿಗೆ ನೋಟೀಸು ಕೊಟ್ಟು ಬರುವುದಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳಿತು. ಅಷ್ಟು ಹೆಣ ಬಿದ್ದ ಯುದ್ಧವಾಗಿದ್ದರೆ ಪಾರ್ಲಿಮೆಂಟು ಹಗಲಿರುಳು ಕೂರುತ್ತಿತ್ತು.

ಪೆಟ್ರೋಲು ಉಳಿಸುವ ಭ್ರಮೆ

ಬಡತನ ಕಲಿಸುವ ಕೆಲವು ಅಭ್ಯಾಸಗಳು ಬಡವನನ್ನೇ ಕೊಲ್ಲುತ್ತವೆ. ಇಳಿಜಾರು ಬಂದೊಡನೆ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೆಲವರು ಇಂಜಿನನ್ನೇ ಆರಿಸಿ, ಗಾಡಿಯನ್ನು ಉರುಳಲು ಬಿಡುತ್ತಾರೆ. ಇದರಿಂದ ಉಳಿಯುವ ಪೆಟ್ರೋಲು ಒಂದು ಲೋಟ ಚಹಾದ ಬೆಲೆಗೂ ಸಾಲದು. ಇಂಜಿನ್ನು ಗೇರಿನಲ್ಲಿದ್ದರೆ ಅದೇ ಗಾಡಿಯನ್ನು ಹಿಡಿದೆಳೆಯುತ್ತದೆ. ನ್ಯೂಟ್ರಲ್ಲಿಗೆ ತಂದರೆ ಆ ಹಿಡಿತ ಹೋಯಿತು. ಕಾಲಿಗೆ ನೆರವಾಗುವ ವ್ಯಾಕ್ಯೂಮ್ ಬೂಸ್ಟರ್ ಇರುವ ಗಾಡಿಯಲ್ಲಿ ಇಂಜಿನ್ ಆರಿಸಿದರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲು ಕಲ್ಲಿನಂತಾಗುತ್ತದೆ. ಕೀಲಿ ಪೂರ್ತಿ ತಿರುಗಿಸಿ ತೆಗೆದರೆ ಸ್ಟೇರಿಂಗೂ ಬಿಗಿದುಕೊಳ್ಳಬಹುದು.

ಧರ್ಮಸ್ಥಳಕ್ಕೋ ಉಡುಪಿಗೋ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಡುವವರು ಚಾರ್ಮಾಡಿ ಘಾಟಿಯನ್ನೋ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನೋ ಇಳಿಯಬೇಕು. ಒಂದು ಟನ್ ಭಾರದ ಕಾರು ಐನೂರು ಮೀಟರು ಎತ್ತರದಿಂದ ಇಳಿದರೆ ಅದನ್ನು ತಡೆಯುವಾಗ ಹುಟ್ಟುವ ಶಾಖ ಸುಮಾರು 16 ಲೀಟರು ತಣ್ಣೀರನ್ನು ಕುದಿಸಲು ಸಾಕು. ಸ್ನಾನದ ಹಂಡೆ ಕಾಯಿಸುವ ಆ ಬೆಂಕಿಯನ್ನೆಲ್ಲ ನಾಲ್ಕು ಹಳೆಯ ಡ್ರಮ್ಮುಗಳ ಮೇಲೆ ಹೊರಿಸಬಾರದು. ಯಾವ ಗೇರಿನಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಲಾರಿ ಚಾಲಕರ ಹಳೆಯ ಪಾಠ. ಕಾರಿನವರೂ ಅದನ್ನು ಕಲಿಯಲಿ. ಸುಟ್ಟ ವಾಸನೆ ಬಂದರೆ ಗಾಡಿ ಬದಿಗೆ ಹಾಕಿ, ತಣ್ಣಗಾಗುವವರೆಗೆ ಕಾಯಲಿ. ದೇವರು ಅರ್ಧ ಗಂಟೆ ತಡವಾಗಿ ಬಂದ ಭಕ್ತನ ಮೇಲೆ ಮುನಿಯುವುದಿಲ್ಲ.

ಇನ್ನೊಂದು ಮಾತು ಹೊರೆಯದು. ಐದು ಜನರ ವ್ಯಾನಿನಲ್ಲಿ ಒಂಬತ್ತು ಜನ, ಅವರ ಜೊತೆಗೆ ಎರಡು ಮೂಟೆ ಈರುಳ್ಳಿ. ಇದು ಜಗಳೂರಿನ ರಸ್ತೆಯಲ್ಲಿ ಹೊಸ ನೋಟವೇನೂ ಅಲ್ಲ. ಭಾರ ಹೆಚ್ಚಿದಷ್ಟೂ ಬ್ರೇಕಿನ ಮೇಲೆ ಬೀಳುವ ಶಾಖ ಹೆಚ್ಚುತ್ತದೆ. ಸರಕಿಗೊಂದು ಸುತ್ತು, ಸಂಸಾರಕ್ಕೊಂದು ಸುತ್ತು ಹಾಕುವುದೇ ಕ್ಷೇಮ.

ಮನೆಯಲ್ಲೇ ಮಾಡುವ ಪರೀಕ್ಷೆ

ಬ್ರೇಕನ್ನು ಪರೀಕ್ಷಿಸಲು ಇಂಜಿನಿಯರೇ ಬೇಕೆಂದಿಲ್ಲ. ಹೊರಡುವ ಮೊದಲು ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗೆ ಜಾರಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರು ಸೋತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ, ಏರ್ ತೆಗೆಸಬೇಕು. ಬ್ರೇಕು ಹಿಡಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಇನ್ನೊಂದು ಪಕ್ಕದ ಚಕ್ರ ಕೆಲಸ ಮಾಡುತ್ತಿಲ್ಲವೆಂದೇ ಶಂಕಿಸಬೇಕು. ಚಕ್ರದ ಒಳಮೈ ಒದ್ದೆಯಾಗಿದ್ದರೆ ಸಿಲಿಂಡರು ಸೋರುತ್ತಿದೆ. ಹಳ್ಳ ದಾಟಿ ಬಂದ ಮೇಲೆ ನಿಧಾನವಾಗಿ ಹೋಗುತ್ತ ಪೆಡಲನ್ನು ಮೆಲ್ಲಗೆ ಒತ್ತಿ ಡ್ರಮ್ಮನ್ನು ಒಣಗಿಸಿಕೊಳ್ಳಬೇಕು. ಜನವಿಲ್ಲದ ಮೈದಾನದಲ್ಲಿ ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬ್ರೇಕು ಒತ್ತಿದರೆ ಎರಡು ಕಾರಿನುದ್ದದೊಳಗೆ ನೇರವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಬಾರದು.

ಓಡುವಾಗಲೇ ಬ್ರೇಕು ಕೈಕೊಟ್ಟರೆ? ಪೆಡಲನ್ನು ಪಟಪಟನೆ ಒತ್ತಿ ಬಿಡಬೇಕು, ಕೆಲವೊಮ್ಮೆ ಒತ್ತಡ ಮತ್ತೆ ಏರುತ್ತದೆ. ಗೇರನ್ನು ಒಂದೊಂದಾಗಿ ಇಳಿಸಬೇಕು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಜಗ್ಗದೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಅದು ತಂತಿಯಿಂದ ಕೆಲಸ ಮಾಡುವುದರಿಂದ ಆಯಿಲು ಹೋದರೂ ಉಳಿದಿರುತ್ತದೆ. ಹಾರನ್ನು, ದೀಪ ಹಾಕಿ ಜನರನ್ನು ಎಚ್ಚರಿಸಬೇಕು. ಇಂಜಿನ್ ಆರಿಸಬಾರದು. ಹ್ಯಾಂಡ್ ಬ್ರೇಕಿನ ತಂತಿ ತುಕ್ಕು ಹಿಡಿದಿದ್ದರೂ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವವರು ಈ ಮಾತನ್ನು ನೆನಪಿಡಲಿ. ಕಷ್ಟಕಾಲದಲ್ಲಿ ಆ ಕಲ್ಲು ಕಾರಿನ ಜೊತೆ ಓಡಿ ಬರುವುದಿಲ್ಲ.

ಗ್ಯಾರೇಜಿನ ಹುಡುಗ

ಬ್ರೇಕಿನ ಮಾತಾಡುವಾಗ ಅದನ್ನು ಬಿಚ್ಚುವ ಕೈಯನ್ನು ಮರೆಯಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹಲವು ವರ್ಷಗಳ ಮೇಲೆ ಕ್ಯಾನ್ಸರಾಗಿ ಕಾಣಿಸಿಕೊಳ್ಳಬಲ್ಲದು. ಹತ್ತಿ ಗಿರಣಿಯ ಧೂಳು ಎದೆಗೆ ಏನು ಮಾಡುತ್ತದೆ ಎಂದು ದಾವಣಗೆರೆಯ ಹಿರಿಯ ಕಾರ್ಮಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ಅದೇ ಊರಿನ ಗ್ಯಾರೇಜಿನಲ್ಲಿ ಹದಿನೆಂಟು ತುಂಬಿದ ಹುಡುಗನೊಬ್ಬ ಡ್ರಮ್ಮು ಬಿಚ್ಚಿ, ಗಾಳಿಯ ಪೈಪು ಹಿಡಿದು ಆ ಧೂಳನ್ನು ಊದುತ್ತಾನೆ. ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂಗಿಗೆ ತಕ್ಕ ಮಾಸ್ಕು ಇರಬೇಕು. ಇದನ್ನು ಒದಗಿಸುವುದು ಮಾಲೀಕನ ಹೊಣೆ, ನೋಡಿಕೊಳ್ಳುವುದು ಕಾರ್ಮಿಕ ಇಲಾಖೆಯ ಹೊಣೆ.

ಸರ್ಕಾರದ ಪಾಲು

ಕಾನೂನಿನ ಕಥೆ ಹೀಗಿದೆ. ಬಾಡಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಬೇಕು. ಸ್ವಂತದ ಕಾರಿಗೆ 15 ವರ್ಷ ತುಂಬುವವರೆಗೆ ಬ್ರೇಕನ್ನು ಪರೀಕ್ಷಿಸಿ ಕಡ್ಡಾಯವಾಗಿ ಯೋಗ್ಯತಾಪತ್ರ ಕೊಡುವ ಏರ್ಪಾಡಿಲ್ಲ. 15 ತುಂಬಿದ ಮೇಲೆ ನೋಂದಣಿ ನವೀಕರಣವಾದರೆ ಮತ್ತೆ ಐದು ವರ್ಷ ಯಾರೂ ಕೇಳುವುದಿಲ್ಲ. ಲೈನಿಂಗು ಮಾತ್ರ ಐದು ವರ್ಷ ಕಾಯುವುದಿಲ್ಲ.

2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿತು. 2025ರ ಆಗಸ್ಟ್ ತಿಂಗಳಲ್ಲಿ 20 ವರ್ಷ ದಾಟಿದವಕ್ಕೆ ಅದನ್ನು 10,000 ಮಾಡಿತು. ಹಳೆಯ ಗಾಡಿಯಿಂದ ಅಪಾಯವಿದೆ, ಆದ್ದರಿಂದ ಶುಲ್ಕ ಏರಿಸಿದೆವು ಎಂದರೆ ನಾವು ಕೇಳುವುದಿಷ್ಟೆ: ಶುಲ್ಕ ಕಟ್ಟಿದ ಕಾರಿನ ಬ್ರೇಕು ತಾನಾಗಿಯೇ ಸರಿಯಾಗುತ್ತದೆಯೇ? ಆ ಹತ್ತು ಸಾವಿರದಲ್ಲಿ ಒಂದು ಚಿಕ್ಕ ಕಾರಿನ ಆಯಿಲು, ರಬ್ಬರು, ಶೂ ಬದಲಿಸಿ ಇನ್ನೂ ಹಣ ಉಳಿಸಬಹುದು. ಆ ಹಣ ಖಜಾನೆಗೆ ಹೋಯಿತು, ಸವೆದ ಲೈನಿಂಗು ಕಾರಿನಲ್ಲೇ ಉಳಿಯಿತು. ತೆರಿಗೆಯ ಕಥೆಯೂ ಇದೇ. ಬಿಡಿಭಾಗಗಳಲ್ಲಿ ಹೆಚ್ಚಿನವುಗಳ ಮೇಲೆ ಶೇಕಡ 28ರ ಜಿ.ಎಸ್.ಟಿ. ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಇಳಿದದ್ದು ಸಂತೋಷ. ಆದರೆ ಪ್ರಾಣ ಉಳಿಸುವ ಬ್ರೇಕ್ ಶೂವಿಗೂ ಶೋಕಿಯ ಅಲಂಕಾರದ ಸಾಮಾನಿಗೂ ಒಂದೇ ತೆರಿಗೆ ಎಂಬುದು ಯಾವ ನ್ಯಾಯ?

2021ರಲ್ಲಿ ಯಂತ್ರದಿಂದಲೇ ವಾಹನ ಪರೀಕ್ಷಿಸುವ ಕೇಂದ್ರಗಳಿಗೆ ನಿಯಮ ಬಂದಿತು. ಪ್ರತಿ ಚಕ್ರದ ಬ್ರೇಕಿನ ಬಲವನ್ನು ಉರುಳೆಗಳ ಮೇಲೆ ಅಳೆದು ಅಂಕಿಯಲ್ಲಿ ಬರೆದುಕೊಡುವ ಪದ್ಧತಿ ಅದು. ಉದ್ದೇಶ ಒಳ್ಳೆಯದು. ಕಾಗದ ನೋಡಿ, ದಲ್ಲಾಳಿಯ ಮುಖ ನೋಡಿ ಮುದ್ರೆ ಒತ್ತುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೆ ಅದನ್ನು ಲಾಭದ ಗುತ್ತಿಗೆಯಾಗಿ ಖಾಸಗಿಯವರ ಕೈಗೆ ಕೊಟ್ಟು, ಜಗಳೂರಿನವನು ದಿನದ ಕೂಲಿ ಕಳೆದುಕೊಂಡು ದೂರದ ಊರಿಗೆ ಹೋಗುವಂತಾದರೆ, ಆಗಲೂ ದಲ್ಲಾಳಿಯೇ ಗೆಲ್ಲುತ್ತಾನೆ.

ನಮ್ಮ ಬೇಡಿಕೆ

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳಿಗೂ ತಿಂಗಳಿಗೊಮ್ಮೆ ಸಂತೆಯ ದಿನ ಸಂಚಾರಿ ಬ್ರೇಕ್ ಪರೀಕ್ಷಾ ಗಾಡಿ ಬರಬೇಕು. ಪರೀಕ್ಷೆ ಪುಕ್ಕಟೆಯಾಗಿರಬೇಕು, ದಂಡ ಹಾಕುವುದಕ್ಕೆ ಅದು ಬಲೆಯಾಗಬಾರದು. ಹಳೆಯ ವಾಹನದ ನವೀಕರಣಕ್ಕೆ ಕಟ್ಟಿಸಿಕೊಂಡ ಶುಲ್ಕದಲ್ಲಿ ಒಂದು ಪಾಲು ಆ ವಾಹನದ ಬ್ರೇಕಿನ ದುರಸ್ತಿಗೇ ಹಿಂದಿರುಗಬೇಕು. ಬ್ರೇಕಿನ ಬಿಡಿಭಾಗಗಳ ತೆರಿಗೆ ಶೇಕಡ 5ಕ್ಕೆ ಇಳಿಯಬೇಕು. ನಕಲಿ ಮಾಲು ಮಾರುವವನ ಅಂಗಡಿಗೆ ಬೀಗ ಬೀಳಬೇಕು. ಎಲ್ಲಕ್ಕೂ ಮೇಲಾಗಿ, ಹಳ್ಳಿ ಹಳ್ಳಿಗೆ ರಾತ್ರಿ ಒಂಬತ್ತರವರೆಗೆ ಬಸ್ಸು ಓಡಬೇಕು. ಬಸ್ಸು ಬಂದ ದಿನ ಎಷ್ಟೋ ಹಳೆಯ ಕಾರುಗಳು ತಾವಾಗಿಯೇ ಮನೆಯಲ್ಲಿ ನಿಲ್ಲುತ್ತವೆ, ಗುಜರಿಯ ಕಾನೂನು ಬೇಕಾಗುವುದಿಲ್ಲ.

ಸರ್ಕಾರ ಕೊಡುವವರೆಗೆ ಕೈಕಟ್ಟಿ ಕೂರುವುದೂ ನಮ್ಮ ಪದ್ಧತಿಯಲ್ಲ. 1991ರಲ್ಲಿ ಕೊಪ್ಪದಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರು ಸೇರಿ ಸಹಕಾರ ಸಾರಿಗೆಯನ್ನು ಕಟ್ಟಿದರು. 2020ರಲ್ಲಿ ಅದು ನಿಂತಿತಾದರೂ ಸುಮಾರು ಮೂರು ದಶಕ ಮಲೆನಾಡಿನ ಹಳ್ಳಿಗಳಿಗೆ ಬಸ್ಸು ಓಡಿಸಿತು. ಹತ್ತು ಮಂದಿ ಕೂಡಿದರೆ ಒಂದು ಡಬ್ಬ ಒಳ್ಳೆಯ ಬ್ರೇಕ್ ಆಯಿಲು, ನಾಲ್ಕು ಜೊತೆ ಅಸಲಿ ಶೂಗಳನ್ನು ಸಗಟು ದರದಲ್ಲಿ ತರಿಸಬಹುದು. ಗಿರಣಿಯ ಫಿಟ್ಟರನೊಬ್ಬ ಭಾನುವಾರ ಎರಡು ಗಂಟೆ ಕೊಟ್ಟರೆ ಒಂದು ಕೇರಿಯ ಗಾಡಿಗಳ ಪೆಡಲು ಪರೀಕ್ಷೆ ಆಗಿಹೋಗುತ್ತದೆ. ಸಂಘದ ಕಚೇರಿಯ ಮುಂದಿನ ಬಯಲು ಇದಕ್ಕೆ ಸಾಕು.

ಕಡೆಯ ಮಾತು ಮನೆಯ ಯಜಮಾನನಿಗೆ. ಬ್ರೇಕು ಹಿಡಿಯಲಿಲ್ಲ, ನಾನೇನು ಮಾಡಲಿ ಎಂಬ ಸಬೂಬನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ತಕ್ಕ ಎಚ್ಚರ ವಹಿಸಿದರೂ ಕಂಡುಹಿಡಿಯಲಾಗದ ದೋಷ ಅದು ಎಂದು ರುಜುವಾತುಪಡಿಸುವ ಹೊಣೆ ಗಾಡಿಯ ಒಡೆಯನದೇ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. ನ್ಯಾಯಾಲಯದ ಮಾತು ಹಾಗಿರಲಿ. ಹಬ್ಬಕ್ಕೆ ಕಾರಿಗೆ ಬಣ್ಣ ಹೊಡೆಸಲು, ಸೀಟಿಗೆ ಹೊಸ ಕವರು ಹಾಕಿಸಲು ಎತ್ತಿಟ್ಟ ಹಣ ಇದ್ದರೆ ಅದನ್ನು ಮೊದಲು ಬ್ರೇಕಿಗೆ ಹಾಕಿ. ಬಣ್ಣ ಹೋದ ಕಾರಿನಲ್ಲಿ ಮಕ್ಕಳು ನಗುತ್ತ ಮನೆಗೆ ಬರುತ್ತಾರೆ.